ಕಿವಿ ಕನ್ನಡದ್ದು, ಪೇಪರ್ ಇಂಗ್ಲಿಷಿನದು

ಐದನೇ ಸೆಮಿಸ್ಟರ್ ಶುರುವಾಗಿ ಎರಡು ವಾರವಾಗಿತ್ತು. ಒಂದು ಶನಿವಾರ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಮಗೆಲ್ಲ ಪ್ಲೇಸ್‌ಮೆಂಟ್ ಮಾಕ್ ಟೆಸ್ಟ್ ಇಟ್ಟಿದ್ದರು. ಲೆಕ್ಕದ ಭಾಗ ಚೆನ್ನಾಗಿಯೇ ಆಯಿತು. ರೀಸನಿಂಗ್ ಕೂಡ ಪರವಾಗಿರಲಿಲ್ಲ. ಆಮೇಲೆ ಇಂಗ್ಲಿಷ್ ಭಾಗ ತೆರೆದರೆ ಮೊದಲ ಹತ್ತು ಪ್ರಶ್ನೆಯೂ ಒಂದೇ ಬಗೆಯವು: ವಾಕ್ಯದಲ್ಲಿ ತಪ್ಪು ಎಲ್ಲಿದೆ ಹುಡುಕಿ. ಒಂದು ವಾಕ್ಯವನ್ನು ಎ, ಬಿ, ಸಿ ಎಂದು ಮೂರು ತುಂಡು ಮಾಡಿರುತ್ತಾರೆ. ತಪ್ಪಿರುವ ತುಂಡಿನ ಮೇಲೆ ಒತ್ತಬೇಕು. ತಪ್ಪೇ ಇಲ್ಲ ಅನಿಸಿದರೆ ಡಿ, ಅಂದರೆ 'ನೋ ಎರರ್'.

ಒಂದೊಂದೇ ವಾಕ್ಯವನ್ನು ಮನಸ್ಸಿನಲ್ಲೇ ಓದಿಕೊಂಡೆ. ಎಲ್ಲವೂ ಸರಿಯಾಗಿಯೇ ಕೇಳಿಸಿತು. ಹತ್ತರಲ್ಲಿ ಏಳಕ್ಕೆ ಡಿ ಒತ್ತಿ, ಇಷ್ಟೇನಾ ಅಂದುಕೊಂಡು ಮುಂದೆ ಹೋದೆ. ಸಂಜೆ ಅಂಕ ಬಂತು. ಹತ್ತರಲ್ಲಿ ಸರಿಯಾಗಿದ್ದದ್ದು ಎರಡು.

ತಪ್ಪಿದ ಪ್ರಶ್ನೆಗಳನ್ನು ಮತ್ತೆ ತೆರೆದು ನೋಡಿದಾಗ ಒಂದು ವಾಕ್ಯದ ಬಳಿ ನಿಂತುಬಿಟ್ಟೆ. 'ಹೀ ಈಸ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್.' ನಾನು ಇದಕ್ಕೂ ತಪ್ಪಿಲ್ಲ ಎಂದು ಒತ್ತಿದ್ದೆ. ನಿಂತದ್ದು ಅಂಕ ಹೋದದ್ದಕ್ಕಲ್ಲ, ಒಂದು ವಾರದ ಹಿಂದಿನ ಮಾತು ನೆನಪಾದದ್ದಕ್ಕೆ.

ನಮ್ಮ ಮನೆ ಬಸವೇಶ್ವರನಗರದ ಪಕ್ಕದ ಕಾಮಾಕ್ಷಿಪಾಳ್ಯದಲ್ಲಿ. ಅಪ್ಪನದು ಅಲ್ಲೇ ಒಂದು ಚಿಕ್ಕ ವರ್ಕ್‌ಶಾಪ್. ಎರಡು ಲೇತ್, ಒಂದು ಡ್ರಿಲ್ಲಿಂಗ್ ಮಷೀನ್, ಇಬ್ಬರು ಹುಡುಗರು. ಪೀಣ್ಯದ ಕಡೆಯ ಕಂಪನಿಗಳಿಗೆ ಬುಷ್, ಪಿನ್ ಮಾಡಿಕೊಡುತ್ತಾರೆ. ಅಪ್ಪ ಓದಿದ್ದು ಎಸ್ಸೆಸ್ಸೆಲ್ಸಿ, ಕನ್ನಡ ಮಾಧ್ಯಮ. ಪಾರ್ಟಿಗಳಿಗೆ ಇಂಗ್ಲಿಷಿನಲ್ಲಿ ವಾಟ್ಸ್ಆ್ಯಪ್ ಮೆಸೇಜ್ ಹಾಕುವ ಮೊದಲು ನನಗೆ ತೋರಿಸುತ್ತಿದ್ದರು. ಅವತ್ತು ಬರೆದದ್ದು ಹೀಗಿತ್ತು: 'ಸರ್, ಮೆಟೀರಿಯಲ್ ಈಸ್ ರೆಡಿ ಸಿನ್ಸ್ ಟೂ ಡೇಸ್. ಡ್ರಾಯಿಂಗ್ ಐ ವಿಲ್ ರಿಟರ್ನ್ ಬ್ಯಾಕ್.' ಹಿಂದಿನ ದಿನವಷ್ಟೇ ಒಂದು ರೀಲ್‌ನಲ್ಲಿ 'ರಿಟರ್ನ್ ಬ್ಯಾಕ್' ತಪ್ಪು ಎಂದು ನೋಡಿದ್ದೆ. ಅಮ್ಮ, ತಂಗಿ ಇಬ್ಬರಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಓದಿ, 'ಅಪ್ಪಾ, ರಿಟರ್ನ್ ಅಂದ್ರೇನೇ ವಾಪಸ್ಸು. ವಾಪಸ್ಸು ವಾಪಸ್ಸು ಕೊಡ್ತೀರಾ?' ಅಂತ ನಕ್ಕೆ. ತಂಗಿಯೂ ನಕ್ಕಳು. ಅಪ್ಪ ಏನೂ ಅನ್ನಲಿಲ್ಲ. ಫೋನ್ ವಾಪಸ್ ತೆಗೆದುಕೊಂಡರು. ಆ ದಿನದಿಂದ ನನಗೆ ಮೆಸೇಜ್ ತೋರಿಸುವುದನ್ನು ನಿಲ್ಲಿಸಿದರು.

ಅದೇ ಮೆಸೇಜಿನ ಮೊದಲ ಸಾಲಿನಲ್ಲಿ 'ಸಿನ್ಸ್ ಟೂ ಡೇಸ್' ಇತ್ತಲ್ಲ, ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಯಾಕೆಂದರೆ ಅದು ನನ್ನದೂ ತಪ್ಪು. ನಾನೂ ಹಾಗೆಯೇ ಮಾತಾಡುತ್ತೇನೆ.

ತಮಾಷೆ ಎಂದರೆ ಈ ಪಾಠ ನನಗೆ ಹೊಸದೇನಲ್ಲ. ವಿಟಿಯುವಿನ 2022ರ ಸ್ಕೀಮಿನಲ್ಲಿ ಮೊದಲ ವರ್ಷಕ್ಕೆ 'ಪ್ರೊಫೆಷನಲ್ ರೈಟಿಂಗ್ ಸ್ಕಿಲ್ಸ್ ಇನ್ ಇಂಗ್ಲಿಷ್' ಎಂಬ ಒಂದು ಕ್ರೆಡಿಟ್ಟಿನ ವಿಷಯವಿದೆ. ಮಾತಿನಲ್ಲಿ, ಬರಹದಲ್ಲಿ ಬರುವ ಸಾಮಾನ್ಯ ತಪ್ಪುಗಳನ್ನು ಗುರುತಿಸುವುದೇ ಅದರ ಮೊದಲ ಪಾಠ. ನಾವೆಲ್ಲ ಏನು ಮಾಡಿದ್ದೆವು? ಪರೀಕ್ಷೆಯ ಹಿಂದಿನ ರಾತ್ರಿ ಪಿಡಿಎಫ್ ತಿರುವಿ ಹಾಕಿ, ಪಾಸಾಗಿ, ಮರೆತುಬಿಟ್ಟೆವು. ಒಂದು ಕ್ರೆಡಿಟ್ ತಾನೇ ಎಂಬ ಅಸಡ್ಡೆ. ಆದರೆ ಕ್ಯಾಂಪಸ್ಸಿಗೆ ಬರುವ ಕಂಪನಿಗಳ ಮೊದಲ ಸುತ್ತಿನ ಪರೀಕ್ಷೆಗಳಲ್ಲಿ ಈ ಭಾಗ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಲ್ಲೇ ನಿಂತುಬಿಟ್ಟರೆ ಥರ್ಮೊಡೈನಮಿಕ್ಸ್ ಎಷ್ಟು ಗೊತ್ತಿದ್ದರೂ ಹೇಳಿಕೊಳ್ಳುವ ಅವಕಾಶವೇ ಬರುವುದಿಲ್ಲ.

ಹಂಪಿನಗರದ ಅಣ್ಣ

ವಿಜಯನಗರ, ಅತ್ತಿಗುಪ್ಪೆ, ಹಂಪಿನಗರದ ಕಡೆ ಒಮ್ಮೆ ಸುಮ್ಮನೆ ನಡೆದು ನೋಡಿ. ಕೋಚಿಂಗ್ ಸೆಂಟರು, ಪಿ.ಜಿ., ಜೆರಾಕ್ಸ್ ಅಂಗಡಿ, ತಿಂಗಳಿಗಿಷ್ಟು ಅಂತ ದುಡ್ಡು ಕೊಟ್ಟು ಕೂರುವ ರೀಡಿಂಗ್ ರೂಮು. ಕಲಬುರಗಿ, ರಾಯಚೂರು, ವಿಜಯಪುರದಿಂದ ಬಂದ ಎಷ್ಟೋ ಅಣ್ಣಂದಿರು, ಅಕ್ಕಂದಿರು ಕೆಎಎಸ್, ಪಿಎಸ್‌ಐ, ಬ್ಯಾಂಕು, ಎಸ್ಎಸ್‌ಸಿ ಅಂತ ವರ್ಷಗಟ್ಟಲೆ ಇಲ್ಲಿ ಓದುತ್ತಾರೆ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಬೆಳಿಗ್ಗೆ ಬೇಗ ಹೋಗದಿದ್ದರೆ ಕುರ್ಚಿ ಸಿಗುವುದು ಕಷ್ಟ.

ಮಾಕ್ ಟೆಸ್ಟಿನ ಮಾರನೇ ದಿನ ಭಾನುವಾರ. ಪ್ರಶ್ನೆಗಳ ಪ್ರಿಂಟ್ ಹಿಡಿದುಕೊಂಡು ಅಲ್ಲಿಗೆ ಹೋದೆ. ಪಕ್ಕದಲ್ಲಿ ಕೂತಿದ್ದವರು ಸಿಂಧನೂರು ಕಡೆಯವರು. ಬಿ.ಎ. ಮುಗಿಸಿದ್ದಾರೆ, ಎಸ್ಎಸ್‌ಸಿ ಸಿಜಿಎಲ್‌ಗೆ ಮೂರನೇ ಪ್ರಯತ್ನ. ನನ್ನ ಪ್ರಿಂಟಿನ ಮೇಲೆ ಕೆಂಪು ಗೆರೆಗಳನ್ನು ನೋಡಿ ನಕ್ಕು, ಚಹಾಕ್ಕೆ ಹೊರಗೆ ಕರೆದರು.

'ತಮ್ಮಾ, ಇಂಜಿನಿಯರಿಂಗ್ ಓದ್ತಿ ಅಂತಿ, ಇದೇನಿದು ಹತ್ತಕ್ಕ ಎರಡು?' ಅಂದರು.

'ಅಣ್ಣಾ, ಓದಿದ್ರೆ ಎಲ್ಲ ಸರಿ ಅನ್ಸುತ್ತೆ' ಅಂದೆ.

'ಅದೇ ತಪ್ಪು ನೋಡು. ನೀ ಕಿವಿ ಮ್ಯಾಲೆ ಭರೋಸಾ ಇಟ್ಟಿ. ಕಿವಿ ಕನ್ನಡದ್ದೈತಿ, ಪೇಪರ್ ಇಂಗ್ಲಿಷಿಂದೈತಿ. ಹ್ಯಾಂಗ ತಾಳ ಆಗ್ತೈತಿ?'

ಅವರಿಗೆ ಇಂಗ್ಲಿಷ್ ಮಾತಾಡುವುದು ಅಷ್ಟಾಗಿ ಬರುವುದಿಲ್ಲ, ಅವರೇ ಹೇಳಿಕೊಂಡರು. ಆದರೆ ತಪ್ಪು ಹುಡುಕುವುದರಲ್ಲಿ ಅವರನ್ನು ಮೀರಿಸುವವರು ಆ ಟೇಬಲ್ಲಿನಲ್ಲಿ ಇರಲಿಲ್ಲ. ಸಿಜಿಎಲ್ ಮೊದಲ ಹಂತದಲ್ಲಿ ಒಂದು ಗಂಟೆಗೆ 100 ಪ್ರಶ್ನೆ, ಅದರಲ್ಲಿ 25 ಇಂಗ್ಲಿಷಿನವು. ಸರಿಯಾದರೆ 2 ಅಂಕ, ತಪ್ಪಾದರೆ ಅರ್ಧ ಅಂಕ ಕಟ್. ಬ್ಯಾಂಕಿನ ಪಿಒ ಹುದ್ದೆಯ ಐಬಿಪಿಎಸ್ ಪ್ರಿಲಿಮ್ಸ್‌ನಲ್ಲಿ 20 ನಿಮಿಷಕ್ಕೆ 30 ಇಂಗ್ಲಿಷ್ ಪ್ರಶ್ನೆ, ಅಂದರೆ ಒಂದಕ್ಕೆ 40 ಸೆಕೆಂಡು. ಇಷ್ಟು ಹೊತ್ತಿನಲ್ಲಿ ಇಡೀ ವ್ಯಾಕರಣವನ್ನು ನೆನಪು ಮಾಡಿಕೊಂಡು ಕೂರಲು ಆಗುವುದಿಲ್ಲ.

ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಎಡಗಡೆ ತಾವು ತಪ್ಪಿದ ಇಂಗ್ಲಿಷ್ ವಾಕ್ಯ, ಬಲಗಡೆ ಅದರ ಕನ್ನಡ. 'ವಾಕ್ಯಾನ ಕನ್ನಡಕ್ಕ ತಂದು ನೋಡು. ಎಲ್ಲಿ ಅದು ಕನ್ನಡದ ಹಂಗ ನೆಟ್ಟಗ ಕುಂದರ್ತೈತಿ, ಅಲ್ಲೇ ಅನುಮಾನ ಪಡು' ಅಂದರು. ಅವರ ಎರಡು ವರ್ಷದ ಓದು ಆ ಒಂದು ಮಾತಿನಲ್ಲಿತ್ತು.

ಗೋ, ನೋ ಗೋ

ಮರುದಿನ ಸಂಜೆ ಅಪ್ಪನಿಗೆ ಕಾಫಿ ಕೊಡಲು ವರ್ಕ್‌ಶಾಪಿಗೆ ಹೋಗಿದ್ದೆ. ಹುಡುಗನೊಬ್ಬ ಬುಷ್‌ಗಳನ್ನು ಬೆಳಕಿಗೆ ಹಿಡಿದು ನೋಡಿ 'ಓಕೆ' ಅಂತ ಟ್ರೇಗೆ ಹಾಕುತ್ತಿದ್ದ. ಅಪ್ಪ ಬೈದರು: 'ಕಣ್ಣಳತೇಲಿ ಏನೋ ಗೊತ್ತಾಗುತ್ತೆ? ಗೇಜ್ ಹಾಕೋ.'

ಮೆಕ್ಯಾನಿಕಲ್ ಓದುವವರಿಗೆ ಇದು ಗೊತ್ತು, ಉಳಿದವರಿಗೆ ಹೇಳುತ್ತೇನೆ. 20 ಮಿ.ಮೀ. ರಂಧ್ರ, ಎಚ್7 ಫಿಟ್ ಅಂದರೆ ಅದು 20ಕ್ಕಿಂತ ಚಿಕ್ಕದಿರಬಾರದು, 20.021 ಮಿ.ಮೀ.ಗಿಂತ ದೊಡ್ಡದಿರಬಾರದು. ಈ ವ್ಯತ್ಯಾಸ ತಲೆಗೂದಲಿಗಿಂತ ಸಣ್ಣದು, ಯಾವ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೇ ಪ್ಲಗ್ ಗೇಜ್ ಇರುವುದು. ಅದರ 'ಗೋ' ತುದಿ ರಂಧ್ರದೊಳಗೆ ಹೋಗಬೇಕು, 'ನೋ ಗೋ' ತುದಿ ಹೋಗಬಾರದು. ಎರಡೂ ಸರಿಯಿದ್ದರೆ ಪೀಸ್ ಪಾಸ್. ಅನುಭವ, ಅಂದಾಜು, ಚೆನ್ನಾಗಿ ಕಾಣುತ್ತದೆ ಎಂಬುದೆಲ್ಲ ಅಲ್ಲಿ ನಡೆಯುವುದಿಲ್ಲ.

ಲ್ಯಾಬಿನಲ್ಲಿ ನಾನು ಮಾಡಿದ್ದೂ ಆ ಹುಡುಗ ಮಾಡಿದ್ದನ್ನೇ ಅಲ್ಲವೇ? ಅವನು ಕಣ್ಣಳತೆಯಲ್ಲಿ ಬುಷ್ ಪಾಸು ಮಾಡಿದ, ನಾನು ಕಿವಿಯಳತೆಯಲ್ಲಿ ವಾಕ್ಯ ಪಾಸು ಮಾಡಿದೆ. ಅವತ್ತು ರಾತ್ರಿ ಸಿಂಧನೂರಿನ ಅಣ್ಣನ ಉಪಾಯವನ್ನೂ ಅಪ್ಪನ ಗೇಜನ್ನೂ ಸೇರಿಸಿ ಒಂದು ಪಟ್ಟಿ ಮಾಡಿಕೊಂಡೆ. ಪ್ರತಿ ವಾಕ್ಯಕ್ಕೂ ಇದೇ ಆರು ಗೇಜ್, ಇದೇ ಕ್ರಮದಲ್ಲಿ.

ಮೊದಲನೆಯದು, ಕರ್ತೃ ಯಾರು? 'ದ ಬಂಚ್ ಆಫ್ ಕೀಸ್ ಆರ್ ಆನ್ ದ ಟೇಬಲ್' ಅಂದಾಗ 'ಕೀಸ್' ಪಕ್ಕದಲ್ಲೇ ಇರುವುದರಿಂದ 'ಆರ್' ಸರಿ ಅನಿಸುತ್ತದೆ. ಕನ್ನಡಕ್ಕೆ ತನ್ನಿ: 'ಬೀಗದ ಕೈಗಳ ಗೊಂಚಲು ಮೇಜಿನ ಮೇಲಿದೆ'. ಕೈಗಳು ಎಷ್ಟಾದರೂ ಇರಲಿ, ಗೊಂಚಲು ಒಂದೇ. 'ಇದೆ' ಅನ್ನುತ್ತೇವೆ, 'ಇವೆ' ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ ಕರ್ತೃ ಮೊದಲು ಬಂದು ವಿವರ ಆಮೇಲೆ ಬರುವುದರಿಂದ ಕ್ರಿಯಾಪದ ದೂರ ಬೀಳುತ್ತದೆ. ಕನ್ನಡದಲ್ಲಿ ವಿವರ ಮೊದಲು ಬರುವುದರಿಂದ ಕರ್ತೃ ಎದ್ದು ಕಾಣುತ್ತದೆ. 'ಒನ್ ಆಫ್ ಮೈ ಫ್ರೆಂಡ್' ಎಂಬ ನಮ್ಮೆಲ್ಲರ ತಪ್ಪಿಗೂ ಇದೇ ಮದ್ದು. 'ನನ್ನ ಗೆಳೆಯರಲ್ಲಿ ಒಬ್ಬ ಬಂದಿದ್ದಾನೆ' ಎನ್ನುತ್ತೇವೆ. ಗೆಳೆಯರು ಬಹುವಚನ, ಆದ್ದರಿಂದ 'ಫ್ರೆಂಡ್ಸ್'. ಬಂದವನು ಒಬ್ಬ, ಆದ್ದರಿಂದ 'ಹ್ಯಾಸ್'. ಇಲ್ಲಿ ಕನ್ನಡ ದಾರಿ ತಪ್ಪಿಸುವುದಿಲ್ಲ, ಸರಿಯುತ್ತರವನ್ನೇ ಹೇಳಿಕೊಡುತ್ತದೆ. ನಾವು ಕೇಳಿಸಿಕೊಳ್ಳುವುದಿಲ್ಲ, ಅಷ್ಟೇ.

ಎರಡನೆಯದು, ಕಾಲ. ನನ್ನನ್ನು ಬೀಳಿಸಿದ ಗುಂಡಿ ಇದೇ. ಕನ್ನಡದಲ್ಲಿ '2023ರಿಂದ ಇದ್ದಾನೆ' ಅನ್ನುತ್ತೇವೆ, 'ಎರಡು ವರ್ಷದಿಂದ ಇದ್ದಾನೆ' ಅಂತಲೂ ಅನ್ನುತ್ತೇವೆ. ಎರಡಕ್ಕೂ ಒಂದೇ 'ಇಂದ'. ಇಂಗ್ಲಿಷ್ ಇದನ್ನು ಎರಡು ಮಾಡುತ್ತದೆ. ಶುರುವಾದ ಗಳಿಗೆ ಹೇಳಿದರೆ 'ಸಿನ್ಸ್', ಎಷ್ಟು ಕಾಲ ಎಂದು ಹೇಳಿದರೆ 'ಫಾರ್'. ಜೊತೆಗೆ ನಾವು 'ಇದ್ದಾನೆ' ಎಂದು ವರ್ತಮಾನದಲ್ಲಿ ಹೇಳುವುದನ್ನು ಇಂಗ್ಲಿಷ್ 'ಹ್ಯಾಸ್ ಬೀನ್' ಎನ್ನುತ್ತದೆ. ಹಾಗಾಗಿ ಸರಿಯಾದ ವಾಕ್ಯ 'ಹೀ ಹ್ಯಾಸ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್'. ವಾಕ್ಯದಲ್ಲಿ 'ಸಿನ್ಸ್' ಕಂಡ ಕೂಡಲೇ ಎರಡು ಜಾಗ ನೋಡಿ: ಅದರ ಮುಂದಿರುವುದು ಗಳಿಗೆಯೋ ಅವಧಿಯೋ, ಅದರ ಹಿಂದೆ 'ಹ್ಯಾಸ್' ಅಥವಾ 'ಹ್ಯಾವ್' ಇದೆಯೋ ಇಲ್ಲವೋ. ಆದರೆ 'ಸಿನ್ಸ್' ಎಂಬುದು 'ಆದ್ದರಿಂದ' ಎಂಬ ಅರ್ಥದಲ್ಲಿ ಬಂದಿದ್ದರೆ ಈ ಗೇಜ್ ಬೇಡ.

ಮೂರನೆಯದು, 'ಇಂಗ್' ಕಾಟ. 'ಐ ಆಮ್ ನೋಯಿಂಗ್ ಹಿಮ್', 'ಶೀ ಈಸ್ ವಾಂಟಿಂಗ್ ಎ ಜಾಬ್' ಸರಿಯೇ? ಇದಕ್ಕೊಂದು ಸುಲಭ ಪರೀಕ್ಷೆ ನಾನೇ ಕಂಡುಕೊಂಡೆ, ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. ಕನ್ನಡದ 'ಗೊತ್ತು', 'ಬೇಕು', 'ಇಷ್ಟ' ಎಂಬ ಮಾತುಗಳಿಗೆ 'ಉತ್ತಿದೆ' ಹಚ್ಚಿ ನೋಡಿ. 'ಗೊತ್ತುತ್ತಿದೆ', 'ಬೇಕುತ್ತಿದೆ' ಅಂತ ಯಾರಾದರೂ ಅನ್ನುತ್ತಾರೆಯೇ? ಇಂಗ್ಲಿಷಿನ 'ನೋ', 'ವಾಂಟ್', 'ಲೈಕ್' ಕೂಡ ಹಾಗೆಯೇ, ಪರೀಕ್ಷೆಯ ವಾಕ್ಯಗಳಲ್ಲಿ ಇವುಗಳ ಬಾಲಕ್ಕೆ 'ಇಂಗ್' ಕಂಡರೆ ತಪ್ಪು ಅಲ್ಲೇ ಇರುತ್ತದೆ. ಇದಕ್ಕೂ ಅಪವಾದವಿದೆ. ನಾವು 'ಅರ್ಥ ಆಗ್ತಿಲ್ಲ' ಎನ್ನುತ್ತೇವೆ, ಅದನ್ನೇ ಹೊತ್ತುಕೊಂಡು 'ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್' ಎನ್ನುತ್ತೇವೆ. ಪರೀಕ್ಷೆಗೆ ಬೇಕಾದದ್ದು 'ಐ ಡೋಂಟ್ ಅಂಡರ್‌ಸ್ಟ್ಯಾಂಡ್'.

ನಾಲ್ಕನೆಯದು, 'ಎ' ಮತ್ತು 'ಆ್ಯನ್'. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಉತ್ತರಿಸಿದರೆ ಕೆಟ್ಟಿರಿ. ಅದೇ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಮೊದಲ ಅಕ್ಷರ ಸ್ವರವಾದರೆ 'ಆ್ಯನ್', ವ್ಯಂಜನವಾದರೆ 'ಎ'. 'ಯೂನಿವರ್ಸಿಟಿ' ಯಕಾರದಿಂದ ಶುರು, ಆದ್ದರಿಂದ 'ಎ ಯೂನಿವರ್ಸಿಟಿ'. ಗಂಟೆ ಎಂಬ ಅರ್ಥದ 'ಅವರ್' ಅಕಾರದಿಂದ ಶುರು, ಆದ್ದರಿಂದ 'ಆ್ಯನ್ ಅವರ್'. ಹಾಗೆಯೇ 'ಆ್ಯನ್ ಎಫ್‌ಐಆರ್', 'ಎ ಯುಪಿಐ ಪೇಮೆಂಟ್'. ನಮ್ಮ ಲಿಪಿ ಕಿವಿಗೆ ಕೇಳಿದ್ದನ್ನೇ ಬರೆಯುತ್ತದೆ, ಈ ಪ್ರಶ್ನೆಗೆ ಬೇಕಾದದ್ದೂ ಅದೇ. ಎರಡು ಕಡೆ ಮಾತ್ರ ಹುಷಾರು. 'ಒಂದು' ಎಂಬುದರ ಇಂಗ್ಲಿಷ್ ಉಚ್ಚಾರ ನಾವು ಬರೆಯುವ 'ಒನ್' ಅಲ್ಲ, 'ವನ್'. ಇನ್ನು ನಮ್ಮ ಬಾಯಲ್ಲಿ 'ಯಮ್ಮೆಲ್ಲೆ' ಎಂದು ಬರುವುದನ್ನು ಹಾಗೇ ಬರೆದರೆ ಗೇಜೇ ಕೆಟ್ಟು ಹೋಗುತ್ತದೆ. ಅದು 'ಎಂಎಲ್‌ಎ', ಆದ್ದರಿಂದ 'ಆ್ಯನ್'.

ಐದನೆಯದು, ವಿಭಕ್ತಿ. ಸಿಂಧನೂರಿನ ಅಣ್ಣ ಹೇಳಿದ 'ನೆಟ್ಟಗ ಕುಂದರೋ' ಜಾಗ ಇದೇ. 'ಕೆಂಗೇರಿಗೆ ತಲುಪಿದೆವು' ಎಂಬುದು 'ವೀ ರೀಚ್ಡ್ ಟು ಕೆಂಗೇರಿ' ಆಗುತ್ತದೆ. 'ಅದರ ಬಗ್ಗೆ ಚರ್ಚಿಸಿದೆವು' ಎಂಬುದು 'ಡಿಸ್ಕಸ್ಡ್ ಅಬೌಟ್ ಇಟ್' ಆಗುತ್ತದೆ. ಇಂಗ್ಲಿಷಿನ 'ರೀಚ್', 'ಡಿಸ್ಕಸ್' ಎರಡಕ್ಕೂ ಈ ಬಾಲ ಬೇಡ. 'ಕಾಫಿಗಿಂತ ಟೀ ಇಷ್ಟ' ಎಂಬ 'ಗಿಂತ'ದಿಂದ 'ಪ್ರಿಫರ್ ಟೀ ದ್ಯಾನ್ ಕಾಫಿ' ಬರುತ್ತದೆ, ಅಲ್ಲಿರಬೇಕಾದದ್ದು 'ಟು'. 'ನನಗಿಂತ ಸೀನಿಯರ್' ಎಂಬುದೂ 'ಸೀನಿಯರ್ ಟು ಮಿ'. 'ಅವಳ ಜೊತೆ ಮದುವೆ' ಎಂಬುದು 'ಮ್ಯಾರೀಡ್ ವಿತ್' ಅಲ್ಲ, 'ಮ್ಯಾರೀಡ್ ಟು'. ಇಲ್ಲಿ ತರ್ಕ ಹುಡುಕಿ ಪ್ರಯೋಜನವಿಲ್ಲ. ಕನ್ನಡದ ವಿಭಕ್ತಿ ಎಲ್ಲೆಲ್ಲಿ ಮೋಸ ಮಾಡುತ್ತದೆ ಎಂದು ಪಟ್ಟಿ ಮಾಡಿ, ಬಾಯಿಪಾಠ ಮಾಡಬೇಕು.

ಆರನೆಯದು, ಎರಡು ಸಲ ಹೇಳಿದ ಮಾತು. 'ರಿಟರ್ನ್ ಬ್ಯಾಕ್', 'ರಿಪೀಟ್ ಅಗೇನ್', 'ಮೋರ್ ಬೆಟರ್' ಈ ಸಾಲಿನವು. ಇದೇ ಮನೆತನದ್ದು 'ಆಲ್ದೋ ಇಟ್ ವಾಸ್ ರೇನಿಂಗ್, ಬಟ್ ವೀ ವೆಂಟ್'. ಕನ್ನಡಕ್ಕೆ ತಂದರೆ 'ಮಳೆ ಬರುತ್ತಿದ್ದರೂ, ಆದರೆ ನಾವು ಹೋದೆವು'. ನಮ್ಮ ಕಿವಿಗೇ ಎಡವಟ್ಟು ಅನಿಸುತ್ತದಲ್ಲವೇ? 'ಆದರೂ' ಇದ್ದ ಮೇಲೆ 'ಆದರೆ' ಯಾಕೆ?

ಈ ಆರಕ್ಕೂ ಸಿಗದವು ಇದ್ದೇ ಇವೆ. 'ಫರ್ನಿಚರ್', 'ಇನ್ಫರ್ಮೇಶನ್', 'ಅಡ್ವೈಸ್', 'ಲಗೇಜ್' ಪದಗಳಿಗೆ ಬಹುವಚನದ 'ಎಸ್' ಹಚ್ಚುವಂತಿಲ್ಲ. ಮಾಗಡಿ ರಸ್ತೆಯಲ್ಲಿ ಬೋರ್ಡುಗಳನ್ನು ಓದುತ್ತ ಹೋದರೆ 'ಫರ್ನಿಚರ್ಸ್' ಎಂದೇ ಕಾಣುತ್ತದೆ, ಹಾಗಾಗಿ ನಮಗೆ ಅದೇ ಸರಿ. 'ನೋ ಸೂನರ್' ಬಂದರೆ 'ದ್ಯಾನ್', 'ಹಾರ್ಡ್ಲಿ' ಬಂದರೆ 'ವೆನ್' ಎಂಬ ಜೋಡಿಗಳೂ ಇವೆ. ಇವಕ್ಕೆಲ್ಲ ರೆನ್ ಅಂಡ್ ಮಾರ್ಟಿನ್ ಪುಸ್ತಕವೇ ಗತಿ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಪ್ರತಿ ತಂದೆ. ಅದರ ಲೇಖಕರಲ್ಲೊಬ್ಬರಾದ ಪಿ.ಸಿ. ರೆನ್ 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿಯನ್ನೂ 1924ರಲ್ಲಿ ಬರೆದವರು ಎಂದು ಆಮೇಲೆ ಗೊತ್ತಾಯಿತು. ವ್ಯಾಕರಣದ ಪುಸ್ತಕದಲ್ಲಿ ಆ ಸಾಹಸದ ಗುರುತು ನನಗಂತೂ ಸಿಗಲಿಲ್ಲ!

ಒಳ್ಳೆಯ ಪೀಸು ರಿಜೆಕ್ಟ್ ಆದಾಗ

ಒಂದು ತಿಂಗಳು ದಿನಕ್ಕೆ ಇಪ್ಪತ್ತು ವಾಕ್ಯ ಮಾಡಿದೆ. ಬೆಳಿಗ್ಗೆ ವಿಜಯನಗರದಿಂದ ಕೆಂಗೇರಿಗೆ ಮೆಟ್ರೋದಲ್ಲಿ ಹೋಗುವಾಗ ಹತ್ತು, ಸಂಜೆ ಬರುವಾಗ ಹತ್ತು. ಆಮೇಲಿನ ಮಾಕ್ ಟೆಸ್ಟಿನಲ್ಲಿ ಹತ್ತಕ್ಕೆ ಐದು ಬಂತು. ತಪ್ಪಿದ ಐದನ್ನು ನೋಡಿದರೆ ಈಗ ಕಾಯಿಲೆ ತಿರುವುಮುರುವು. ಮೂರು ವಾಕ್ಯಗಳಲ್ಲಿ ತಪ್ಪೇ ಇರಲಿಲ್ಲ, ನಾನೇ ತಪ್ಪು ಹುಟ್ಟಿಸಿದ್ದೆ. ಮೊದಲು ಎಲ್ಲವೂ ಸರಿಯಾಗಿ ಕೇಳುತ್ತಿತ್ತು, ಈಗ ಎಲ್ಲವೂ ತಪ್ಪಾಗಿ ಕಾಣುತ್ತಿತ್ತು.

ವರ್ಕ್‌ಶಾಪಿನಲ್ಲಿ ಅಪ್ಪ ಹುಡುಗರಿಗೆ ಆಗಾಗ ಹೇಳುವ ಮಾತು ನೆನಪಾಯಿತು: 'ಕೆಟ್ಟ ಪೀಸ್ ಪಾಸ್ ಮಾಡಿದ್ರೆ ಪಾರ್ಟಿ ಬೈತಾನೆ. ಒಳ್ಳೆ ಪೀಸ್ ರಿಜೆಕ್ಟ್ ಮಾಡಿದ್ರೆ ನಮ್ಮ ದುಡ್ಡೇ ಹೋಗುತ್ತೆ.' ನೆಗೆಟಿವ್ ಮಾರ್ಕಿಂಗ್ ಇರುವ ಪರೀಕ್ಷೆಗೆ ಇದು ಅಕ್ಷರಶಃ ನಿಜ. ಆರು ಗೇಜ್ ಹಾಕಿಯೂ ವಾಕ್ಯ ಪಾಸಾದರೆ ಧೈರ್ಯವಾಗಿ 'ನೋ ಎರರ್' ಒತ್ತಿ ಮುಂದೆ ಹೋಗಬೇಕು. ಯಾವ ಗೇಜಿನಲ್ಲಿ ಫೇಲಾಯಿತು ಎಂದು ಹೇಳಲು ಬಾರದಿದ್ದರೆ ಅದನ್ನು ತಪ್ಪು ಎನ್ನಬಾರದು. ಈ ನಿಯಮ ಹಾಕಿಕೊಂಡ ಮೇಲೆ ಅಂಕ ಏಳಕ್ಕೆ ಬಂತು, ಆಮೇಲೆ ಎಂಟಕ್ಕೆ. ನಿಜವಾದ ಕ್ಯಾಂಪಸ್ ಸಂದರ್ಶನ ಇನ್ನೂ ಬಾಕಿ ಇದೆ, ಆದ್ದರಿಂದ ಗೆದ್ದೆ ಎಂದು ಹೇಳುವುದಿಲ್ಲ. ಆದರೆ ಆ ಭಾಗ ತೆರೆದಾಗ ಈಗ ಎದೆ ಢವಢವ ಅನ್ನುವುದಿಲ್ಲ.

ಇದರ ಜೊತೆ ಇನ್ನೊಂದು ಕೆಟ್ಟ ಅಭ್ಯಾಸವೂ ಅಂಟಿಕೊಂಡಿತು. ಕಂಡಕಂಡವರ ಇಂಗ್ಲಿಷ್ ತಿದ್ದುವುದು. ಪಿ.ಜಿ. ಬೋರ್ಡು, ಗೆಳೆಯರ ಸ್ಟೇಟಸ್ಸು, ಕ್ಲಾಸಿನ ಸೆಮಿನಾರು ಯಾವುದನ್ನೂ ಬಿಡುತ್ತಿರಲಿಲ್ಲ. ದಸರಾ ರಜೆಗೆ ಮಾಗಡಿಯಿಂದ ಚಿಕ್ಕಮ್ಮ ಬಂದಿದ್ದಾಗ ಅವರ ಮುಂದೆಯೂ ಈ ಪ್ರತಾಪ ತೋರಿಸಿದೆ. ಚಿಕ್ಕಮ್ಮ ಸರ್ಕಾರಿ ಶಾಲೆಯ ಟೀಚರು. ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಪಡೆದವರು. 1963ರಿಂದ ಇರುವ ಸಂಸ್ಥೆ ಅದು. ದಕ್ಷಿಣದ ರಾಜ್ಯಗಳ ಶಾಲಾ ಶಿಕ್ಷಕರು ಇಂಗ್ಲಿಷ್ ಕಲಿಸುವುದು ಹೇಗೆಂದು ಕಲಿಯಲು ಅಲ್ಲಿಗೆ ಬರುತ್ತಾರೆ. ದಿನಾ ಜ್ಞಾನಭಾರತಿ ಸ್ಟೇಷನ್ ದಾಟಿ ಹೋಗುವ ನನಗೆ ಅದು ಗೊತ್ತೇ ಇರಲಿಲ್ಲ.

ಚಿಕ್ಕಮ್ಮ ಕೇಳಿದರು: 'ಮಗು ಮೊದಲು ಮಾತು ಕಲಿಯೋವಾಗ "ನಾನು ಹೋದನು" ಅಂದ್ರೆ ನಗ್ತೀಯೋ, ಮುದ್ದು ಮಾಡ್ತೀಯೋ? ಅದು ಒಂದು ನಿಯಮ ಹಿಡ್ಕೊಂಡಿದೆ, ಸ್ವಲ್ಪ ತಪ್ಪಾಗಿ ಹಿಡ್ಕೊಂಡಿದೆ ಅಷ್ಟೇ. ದೊಡ್ಡೋರು ಇಂಗ್ಲಿಷ್ ಕಲಿಯೋದೂ ಹಂಗೇ ಕಣೋ.' ಇದನ್ನೇ ಪಿಟ್ ಕಾರ್ಡರ್ ಎಂಬ ಬ್ರಿಟಿಷ್ ಭಾಷಾವಿಜ್ಞಾನಿ 1967ರ ಒಂದು ಪ್ರಬಂಧದಲ್ಲಿ ಹೇಳಿದ್ದಾರಂತೆ. ಕಲಿಯುವವರ ತಪ್ಪು ಬರೀ ಕಸವಲ್ಲ, ಅವರ ತಲೆಯಲ್ಲಿ ಯಾವ ನಿಯಮ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ ಎಂದು. ಹಾಗೆ ನೋಡಿದರೆ 'ಸಿನ್ಸ್ ಟೂ ಡೇಸ್' ಎಂದು ಬರೆದ ಅಪ್ಪನ ತಲೆಯಲ್ಲಿದ್ದದ್ದು ದಡ್ಡತನವಲ್ಲ, ಅಚ್ಚುಕಟ್ಟಾದ ಕನ್ನಡದ ಪಂಚಮಿ ವಿಭಕ್ತ್ಯರ್ಥ. ನನ್ನ ತಲೆಯಲ್ಲಿದ್ದದ್ದೂ ಅದೇ. ವ್ಯತ್ಯಾಸವಿದ್ದದ್ದು ಇಷ್ಟೇ: ಅಪ್ಪ ತೋರಿಸಿ ಕೇಳಿದರು, ನಾನು ಕೇಳದೆ ಡಿ ಒತ್ತಿದೆ.

ಆ ರಾತ್ರಿ ಊಟ ಆದ ಮೇಲೆ ಅಪ್ಪನ ಪಕ್ಕದಲ್ಲಿ ಕೂತು ನನ್ನ ಮೊದಲ ಮಾಕ್ ಟೆಸ್ಟಿನ ಪ್ರಿಂಟ್ ಕೊಟ್ಟೆ.

'ಏನೋ ಇದು?'

'ನಂದೇ ಅಪ್ಪ. ಹತ್ತಕ್ಕೆ ಎರಡು. ಅವತ್ತು ನಿಮ್ಮ ಮೆಸೇಜ್ ಓದಿ ನಕ್ಕಿದ್ನಲ್ಲ, ಅದರಲ್ಲಿದ್ದ ಇನ್ನೊಂದು ತಪ್ಪನ್ನ ನಾನೂ ಇಲ್ಲಿ ಮಾಡಿದ್ದೀನಿ. ನೋಡಿ, ಈ ಲೈನು.'

ಅಪ್ಪ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. 'ಸರಿಯಾಗೇ ಐತಲ್ಲೋ' ಅಂದರು.

'ನಂಗೂ ಹಂಗೇ ಅನ್ಸಿತ್ತು' ಅಂದೆ. ಇಬ್ಬರಿಗೂ ನಗು ಬಂತು. ಆಮೇಲೆ ಸಿನ್ಸ್, ಫಾರ್ ವಿಷಯ ಹೇಳಿದೆ. ಗೇಜಿನ ವಿಷಯವನ್ನೂ ಹೇಳಿದೆ. ಅದನ್ನು ಕೇಳಿ ಅವರಿಗೆ ಖುಷಿಯಾಗಿದ್ದು ಮುಖದಲ್ಲೇ ಕಂಡಿತು. ಒಂದು ನಿಮಿಷ ಸುಮ್ಮನಿದ್ದು ಫೋನ್ ಕೈಗೆ ಕೊಟ್ಟರು. 'ನಾಳೆ ಒಬ್ಬ ಪಾರ್ಟಿಗೆ ಮೆಸೇಜ್ ಹಾಕ್ಬೇಕು. ಮಾಲು ರೆಡಿಯಾಗಿ ಮೂರು ದಿನ ಆಯ್ತು ಅನ್ನೋದಕ್ಕೆ ಏನ್ ಬರೀಲಿ?'

'ನೀವೇ ಬರೀರಿ, ನಾನು ಗೇಜ್ ಹಾಕ್ತೀನಿ' ಅಂದೆ.

ಅವರೇ ಒಂದೊಂದೇ ಅಕ್ಷರ ಒತ್ತಿದರು: 'ಮೆಟೀರಿಯಲ್ ಹ್ಯಾಸ್ ಬೀನ್ ರೆಡಿ ಫಾರ್ ತ್ರೀ ಡೇಸ್.' ಪಾಸ್ ಅಂದೆ. ಕಳಿಸಿದರು. ಐದು ನಿಮಿಷದಲ್ಲಿ ಆ ಕಡೆಯಿಂದ ಉತ್ತರ ಬಂತು: 'ಓಕೆ, ವಿಲ್ ಕಲೆಕ್ಟ್ ಟುಮಾರೋ. ಪ್ಲೀಸ್ ರಿಟರ್ನ್ ಬ್ಯಾಕ್ ದ ಡ್ರಾಯಿಂಗ್ ಆಲ್ಸೋ.'

ಅಪ್ಪ ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಡ್ರಾಯಿಂಗ್ ಎಲ್ಲಿಟ್ಟಿದ್ದಾರೆ ಅಂತ ಮಾತ್ರ ಕೇಳಿದೆ.